ಮದುಮಗನ ಮಡಚುವ ಚಾಕು

ನಮ್ಮ ಶಾಲೆಯಲ್ಲಿ ಯಾರು ಹೊಸ ಚಾಕು ಕೊಂಡರೂ ಅದು ಒಮ್ಮೆ ನನ್ನ ಕೈಗೆ ಬಂದು ಹೋಗಬೇಕು. ಈ ಕಾಯಿದೆ ಯಾರು ಮಾಡಿದರೋ ತಿಳಿಯದು. ಎತ್ತು ಕೊಳ್ಳುವವರು ಸಂತೆಗೆ ಹೋಗುವಾಗ ಹಲ್ಲು ನೋಡಿ ವಯಸ್ಸು ಹೇಳಬಲ್ಲ ಒಬ್ಬ ಹಿರಿಯನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರಲ್ಲ, ಚಾಕುವಿನ ಮಟ್ಟಿಗೆ ನಾನು ಅಂಥ ಹಿರಿಯ. ಹೋದ ವಾರ ನಮ್ಮ ಡ್ರಾಯಿಂಗ್ ಮಾಸ್ತರರು ಬೀದರಕ್ಕೆ ಹೋಗಿದ್ದವರು ಬಸ್‌ಸ್ಟ್ಯಾಂಡಿನ ಮುಂದೆ ಚಾದರ ಹಾಸಿ ಮಾರುವವನ ಹತ್ತಿರ ಒಂದು ಮಡಚುವ ಚಾಕು ತಂದಿದ್ದರು. ಕೆಂಪು ಪ್ಲಾಸ್ಟಿಕ್ ಹಿಡಿ, ಬೆರಳುದ್ದದ ಅಲಗು, ಕೀಲಿಕೈ ಗೊಂಚಲಿಗೆ ಸಿಕ್ಕಿಸಲು ಒಂದು ಸಣ್ಣ ಬಳೆ. ದಿನಾಲೂ ಜೇಬಿನಲ್ಲಿಟ್ಟುಕೊಳ್ಳಲು ಬಹಳ ಅನುಕೂಲ, ಬೆಲೆಯೂ ಅಗ್ಗ ಎಂದು ಹೊಗಳಿ, ಊಟದ ಬಿಡುವಿನಲ್ಲಿ ಅದನ್ನು ನನ್ನ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತರು.

ಬೇರೆಯವರು ಚಾಕು ಸಿಕ್ಕ ಕೂಡಲೇ ಹೆಬ್ಬೆರಳಿನಿಂದ ಅಲಗು ಸವರುತ್ತಾರೆ, ಕಾಗದ ಕೊಯ್ದು ನೋಡುತ್ತಾರೆ. ನಾನು ಹರಿತ ನೋಡುವುದೇ ಇಲ್ಲ. ಹರಿತ ಇಲ್ಲದಿದ್ದರೆ ಸಾಣೆ ಹಿಡಿಸಿದರಾಯಿತು. ನಾನು ಚಾಕು ಬಿಚ್ಚಿ, ಹಿಡಿಯನ್ನು ಹಿಂದಿನಿಂದ ಹಿಡಿದು, ನನ್ನ ಐದೂ ಬೆರಳುಗಳು ಕ್ಷೇಮವಾಗಿ ದೂರದಲ್ಲಿವೆಯೇ ಎಂದು ಎರಡು ಸಲ ನೋಡಿಕೊಂಡು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ತಾಗಿಸಿ ಒತ್ತುತ್ತೇನೆ. ಒಳ್ಳೆಯ ಚಾಕು ಹಾಗೇ ನಿಲ್ಲುತ್ತದೆ. ಡ್ರಾಯಿಂಗ್ ಮಾಸ್ತರರದು ಒತ್ತಿದ ಕೂಡಲೇ ಕಟಕ್ಕೆಂದು ಮಡಚಿಕೊಂಡಿತು.

ಇದು ಬೇಡವೆಂದು ತಿರುಗಿ ಕೊಟ್ಟೆ. ಅವರ ಮುಖ ಸಣ್ಣದಾಯಿತು. ತಾವೇನು ಇದರಿಂದ ಕುರಿ ಕೊಯ್ಯುವವರಿಲ್ಲ, ಪೆನ್ಸಿಲ್ ಕೆತ್ತುವುದಕ್ಕೆ ತಂದದ್ದು ಎಂದರು. "ನಾನೂ ಪೆನ್ಸಿಲ್ ಕೆತ್ತಾಕಂತನೇ ಹೇಳಿ ತಂದಿದ್ದೆ, ಮಾಸ್ತರ್ರೇ" ಎಂದೆ. ಅವರಿಗೆ ತಿಳಿಯಲಿಲ್ಲ. ರವಿವಾರ ಮನೆಗೆ ಬನ್ನಿ, ಚಹಾ ಕುಡಿಯುತ್ತ ಹೇಳುತ್ತೇನೆ ಎಂದೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಧೈರ್ಯವಂತನಲ್ಲ ಎಂಬುದು ಮೊದಲು ಗೊತ್ತಿರಲಿ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ತಿರುಗಿ ಬಂದು ಜಗ್ಗಿ ನೋಡುವವನು ನಾನು. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತೇನೆ. ಮನೆಯಲ್ಲಿ ಪಂಪಿನ ಸ್ಟೋವ್ ಹೊತ್ತಿಸುವಾಗ ಅಂಗಳಕ್ಕೆ ಬಂದು ತುಳಸಿಗೆ ನೀರು ಹಾಕುತ್ತೇನೆ. ನೀರು ಹೆಚ್ಚಾಗಿಯೇ ಎರಡು ತುಳಸಿ ಸತ್ತವು. ಇದಕ್ಕೆಲ್ಲ ನಮ್ಮವ್ವನೇ ಕಾರಣ ಎಂದು ನಾನು ಹೇಳುತ್ತ ಬಂದಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆದರೂ ಅವ್ವನ ಪಾಲು ಇಲ್ಲದೆ ಇಲ್ಲ.

ಅವ್ವನಿಗೆ ಜಗತ್ತಿನಲ್ಲಿ ನಂಬಿಕೆ ಇದ್ದದ್ದು ಕಬ್ಬಿಣದ ಮೇಲೆ ಒಂದೇ. ಬಾಣಂತಿಯ ತಲೆದಿಂಬಿನ ಕೆಳಗೆ ಕುಡಗೋಲು, ಕೂಸಿನ ತೊಟ್ಟಿಲಲ್ಲಿ ಅಡಕೊತ್ತು, ಹೊಲಕ್ಕೆ ಬುತ್ತಿ ಒಯ್ಯುವಾಗ ಬುಟ್ಟಿಯಲ್ಲಿ ಒಂದು ಮೊಳೆ. ಅದೇ ಕಬ್ಬಿಣದ ಭಯವೂ ಅಷ್ಟೇ ಇತ್ತು. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲಕ್ಕಿಟ್ಟು ಸರಿಯುತ್ತಿದ್ದಳು, ಎದುರಿನವರು ಎತ್ತಿಕೊಳ್ಳಬೇಕು. ಅಪ್ಪ ಒಮ್ಮೆ ಮರೆತು ಮಾವಿನಹಣ್ಣು ಕೊಯ್ದ ಚಾಕುವನ್ನು ನೇರ ಅವಳ ಕೈಗೇ ಕೊಟ್ಟುಬಿಟ್ಟ. ಜಗಳವಾಗುತ್ತದೆಂದು ಅಂಜಿ ಅವ್ವ ಕೂಗಾಡಿದಳು, ಕೂಗಾಡಿದ್ದಕ್ಕೆ ಅಪ್ಪ ಸಿಟ್ಟಾದ, ಹೀಗೆ ಅವಳ ನಂಬಿಕೆ ಅರ್ಧ ತಾಸಿನಲ್ಲೇ ಖರೆಯಾಯಿತು. ಇಂಥ ಮನೆಯಲ್ಲಿ ಬೆಳೆದವನು ಚಾಕುವನ್ನು ಕಂಡರೆ ನಮಸ್ಕಾರ ಮಾಡಬೇಕೋ ಓಡಬೇಕೋ ತಿಳಿಯದೆ ನಿಲ್ಲುತ್ತಾನೆ.

ನಮ್ಮ ಕಡೆ ಮದುಮಗನ ಕೈಯಲ್ಲೂ ಕಬ್ಬಿಣ ಇರಬೇಕು. ಅರಿಶಿಣ ಹಚ್ಚಿದ ಗಳಿಗೆಯಿಂದ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ತನಕ ಅವನು ಒಂದು ಕಟ್ಯಾರ ಹಿಡಿದೇ ಇರಬೇಕು. ಕಟ್ಯಾರವೆಂದರೆ ಮೊಳದೊಳಗಿನ ಸಣ್ಣ ಬಾಕು. ಅದರ ತುದಿಗೆ ಒಂದು ಲಿಂಬೆಹಣ್ಣು ಚುಚ್ಚಿರುತ್ತಾರೆ. ಉಣ್ಣುವಾಗ, ಮಲಗುವಾಗ, ಚೊಂಬು ಹಿಡಿದು ಬಯಲಿಗೆ ಹೋಗುವಾಗ ಕೂಡ ಅದು ಜೊತೆಗಿರಬೇಕು. ಗಾಳಿ ಸೋಕಬಾರದು, ಕಣ್ಣು ತಾಗಬಾರದು ಎಂದು. ಅಕ್ಕಿಕಾಳು ಬಿದ್ದ ಮೇಲೆ ಹೆಣ್ಣಿನ ತಂದೆ ತಾಟು ಹಿಡಿದು ಬಂದು ಕಟ್ಯಾರ, ಲಿಂಬೆಹಣ್ಣು ಎರಡನ್ನೂ ಇಳಿಸಿಕೊಳ್ಳುತ್ತಾನೆ. ಇನ್ನು ಮೇಲೆ ಇವನನ್ನು ಕಾಯುವವಳು ಬಂದಳು ಎಂದು ಅದರ ಅರ್ಥವಂತೆ. ಅದಕ್ಕೆ ಮೊದಲು ಹಣ್ಣು ಬಿದ್ದರೆ ಕೇಡು ಎಂದು ಎಲ್ಲರೂ ಹೇಳುತ್ತಿದ್ದರು. ಬಿದ್ದದ್ದನ್ನು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ನನ್ನ ಮದುವೆ ಗೊತ್ತಾದದ್ದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷಗಳಾದ ಮೇಲೆ. ನಾನು ಹುಮನಾಬಾದಿನ ಪ್ರಾಥಮಿಕ ಶಾಲೆಯಲ್ಲಿ ಹೊಸ ಮಾಸ್ತರ. ಮಾಸ್ತರನಿಗೆ ಹೆಣ್ಣು ಕೊಡುವವರು ಆಗ ಕಡಿಮೆ. ಎರಡು ಮನೆಗಳಲ್ಲಿ ಚಹಾ ಕುಡಿಸಿ ಕಳಿಸಿದ್ದರು. ಮೂರನೆಯದು ಬಸವಕಲ್ಯಾಣದ ಮಾಣಿಕಪ್ಪನವರ ಮನೆ. ಕಾಳುಕಡಿಯ ಅಡತಿ ವ್ಯಾಪಾರ, ಒಬ್ಬಳೇ ಮಗಳು, ಹೆಸರು ಮಹಾನಂದಾ. ತಲೆ ತಗ್ಗಿಸಿ ಬಂದು ಚಹಾದ ಬಟ್ಟಲು ಇಟ್ಟು ಹೋದವಳ ಕೈ ಮಾತ್ರ ನನಗೆ ಕಂಡಿತು. ಕೈ ನಡುಗುತ್ತಿರಲಿಲ್ಲ. ಬಟ್ಟಲು ಎತ್ತಿಕೊಂಡ ನನ್ನ ಕೈ ನಡುಗುತ್ತಿತ್ತು. ಆ ಕೈ ನನಗೆ ಬಹಳ ಹಿಡಿಸಿತು.

ಅಂಥ ಮನೆಯವರು ನನ್ನಂಥವನಿಗೆ ಹೇಗೆ ಒಪ್ಪಿದರು ಎಂಬುದು ಆಮೇಲೆ ತಿಳಿಯಿತು. ಆಕೆಗೆ ಹಿಂದೆ ಒಂದು ಸಂಬಂಧ ಗೊತ್ತಾಗಿ ಮುರಿದಿತ್ತು. ಸಕ್ಕರಿಪುಡಾದ ದಿನ, ಅಂದರೆ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವ ದಿನ, ಗಂಡಿನ ಕಡೆಯ ಹಿರಿಯರ ಕೈಯಿಂದ ಸಕ್ಕರೆಯ ತಾಟು ಜಾರಿ ಬಿತ್ತಂತೆ. ಮಾಣಿಕಪ್ಪನವರು ಕುಳಿತಲ್ಲಿಂದ ಎದ್ದು, ಇದು ಆಗುವುದಿಲ್ಲವೆಂದು ಹೇಳಿ, ಬಂದವರನ್ನು ಊಟವಿಲ್ಲದೆ ಕಳಿಸಿದರಂತೆ. ತಾಟು ಕೆಡವಿದವರು ಯಾರೋ, ಅಪಶಕುನದ ಹೆಸರು ಬಂದದ್ದು ಹುಡುಗಿಗೆ. ಇದನ್ನು ಹೇಳಿದವನು ನನ್ನ ಸೋದರಮಾವ ವಿಠಲ ಮಾಮಾ. ಕೇಳಿದವನಿಗೆ ಆ ಹುಡುಗಿಯ ಮೇಲೆ ಕನಿಕರ ಬರಬೇಕಿತ್ತು. ನನಗೆ ಬಂದದ್ದು ಭಯ. ತಾಟು ಬಿದ್ದರೆ ಮದುವೆ ಮುರಿಯುವ ಮನೆಗೆ, ಕೈಯಲ್ಲಿ ಲಿಂಬೆಹಣ್ಣು ಹಿಡಿದುಕೊಂಡು ಮೂರು ದಿನ ಇರಬೇಕಾದ ನಾನು ಅಳಿಯನಾಗಿ ಹೋಗುವವನಿದ್ದೆ. ಹಣ್ಣು ಬಿದ್ದರೆ ಮಾಣಿಕಪ್ಪನವರು ಮತ್ತೆ ಎದ್ದು ನಿಲ್ಲುತ್ತಾರೆ, ನಾನು ಊಟವಿಲ್ಲದೆ ಹುಮನಾಬಾದಿಗೆ ಬರುತ್ತೇನೆ. ಅಂದಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಕಟ್ಯಾರ. ವಿಠಲ ಮಾಮಾನ ಮನೆಯದು. ಹಿತ್ತಾಳೆಯ ಹಿಡಿ, ಬೆರಳು ದಪ್ಪದ ಬೆನ್ನು, ತೆಂಗಿನಕಾಯಿ ಚುಚ್ಚಿದರೂ ಹೊತ್ತು ನಿಲ್ಲುವಂಥದ್ದು. ಸುಗ್ಗಿಯಾದ ಮೇಲೆ ಅದು ಮದುಮಗನಿಂದ ಮದುಮಗನಿಗೆ ಊರೂರು ತಿರುಗುತ್ತಿತ್ತು. ನನ್ನ ದುರ್ದೈವಕ್ಕೆ ಅದೇ ಮುಹೂರ್ತಕ್ಕೆ ಹುಲಸೂರಿನಲ್ಲಿ ಮಾಮಾನ ಅಣ್ಣನ ಮಗನ ಮದುವೆ. ಕಟ್ಯಾರ ಆ ಕಡೆ ಹೋಯಿತು. ಮಾಮಾ ಅದನ್ನು ದೊಡ್ಡ ಮಾತೆಂದು ತಿಳಿಯಲೇ ಇಲ್ಲ. "ಕಬ್ಬಿಣ ಇದ್ರ ಆಯ್ತಲ್ಲೋ ತಮ್ಮಾ, ಕಟ್ಯಾರನೇ ಯಾಕ ಬೇಕು? ಬಜಾರಕ್ಕ ಹೋಗಿ ಒಂದು ಚಲೋ ಚಾಕು ತಗೊಂಬಾ" ಎಂದ.

ಬಜಾರಿನಲ್ಲಿ ಕಬ್ಬಿಣದ ಸಾಮಾನು ಮಾರುವ ಒಬ್ಬ ಚಾಚಾ ಇದ್ದರು. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ನಾನು ಚಾಕು ಎಂದ ಕೂಡಲೇ ಯಾವ ಕೆಲಸಕ್ಕೆ ಎಂದು ಕೇಳಿದರು. ಅಂಗಡಿಯಲ್ಲಿ ಇನ್ನಿಬ್ಬರು ಕುಳಿತಿದ್ದರು. ನನ್ನ ಮದುವೆ ಎಂದು ಹೇಳಲು ನನಗೆ ನಾಚಿಕೆ. "ಪೆನ್ಸಿಲ್ ಕೆತ್ತಾಕ್ರಿ" ಎಂದುಬಿಟ್ಟೆ. ಚಾಚಾ ಪಾಪ, ಪೆನ್ಸಿಲಿಗೆ ತಕ್ಕ ಚಾಕುಗಳನ್ನೇ ತೆಗೆದಿಟ್ಟರು.

ಮೊದಲನೆಯದು ಕೊಂಬಿನ ಹಿಡಿಯದು, ಚಲೋ ಇತ್ತು, ಬೆಲೆ ಕೇಳಿ ಅಲ್ಲೇ ಇಟ್ಟೆ. ಎರಡನೆಯದು ಬಿಚ್ಚಿದರೆ ಖಟ್ ಖಟ್ ಎಂದು ಹಲ್ಲು ಕಚ್ಚಿಕೊಂಡು ನಿಲ್ಲುವ ರಾಮಪುರಿ. ಈಗ ಯೋಚಿಸಿದರೆ ನನಗೆ ಬೇಕಾಗಿದ್ದದ್ದು ಅದೇ. ಆದರೆ ಆ ಸಪ್ಪಳ ಕೇಳಿದ ಕೂಡಲೇ ಮಡಚಿ ಇಟ್ಟೆ. ಇಂಥದ್ದು ಜೇಬಿನಲ್ಲಿ ಸಿಕ್ಕರೆ ಪೊಲೀಸರು ಮದುಮಗನೆಂದು ನೋಡುತ್ತಾರೆಯೇ? ಮೂರನೆಯದು ಮೀನಿನ ಆಕಾರದ ಹಿತ್ತಾಳೆ ಹಿಡಿಯ ಮಡಚುವ ಚಾಕು. ಮೀನಿಗೆ ಕಣ್ಣು, ಹುರುಪೆ, ಬಾಲ ಎಲ್ಲ ಇದ್ದವು. ಮಡಚಿದರೆ ಜೇಬಿನಲ್ಲಿ ಇದೆಯೆಂದು ಗೊತ್ತೇ ಆಗುವುದಿಲ್ಲ. ಒಂದೂಕಾಲು ರೂಪಾಯಿ. ಮದುವೆ ಮುಗಿದ ಮೇಲೂ ದಿನಾ ಉಪಯೋಗಕ್ಕೆ ಬರುತ್ತದೆ, ಪೆನ್ಸಿಲ್ ಕೆತ್ತಬಹುದು, ಉಳ್ಳಾಗಡ್ಡಿ ಕೊಯ್ಯಬಹುದು. ಮದುವೆಯ ಖರ್ಚಿನಲ್ಲೇ ಜನ್ಮಕ್ಕೆ ಸಾಕಾಗುವ ಒಂದು ವಸ್ತು ಸಂಪಾದಿಸುತ್ತಿದ್ದೇನೆಂದು ನನಗೆ ಹೆಮ್ಮೆಯೇ ಆಯಿತು.

ಆದರೂ ಅಂಜುವವನು ಪರೀಕ್ಷೆ ಮಾಡದೆ ಕೊಳ್ಳುತ್ತಾನೆಯೇ? ಕಾಗದ ಕೊಯ್ದೆ. ಮುಂಗೈ ಮೇಲಿನ ಕೂದಲು ಹೆರೆದೆ. ಹತ್ತು ಸಲ ಬಿಚ್ಚಿ ಹತ್ತು ಸಲ ಮಡಚಿದೆ. ಮೊಳೆ ಅಲುಗುತ್ತದೆಯೇ ಎಂದು ಕಿವಿಯ ಹತ್ತಿರ ಹಿಡಿದು ಆಡಿಸಿ ಕೇಳಿದೆ. ಬಾಗಿಲಿನ ಬೆಳಕಿಗೆ ಒಯ್ದು ಅಲಗು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದೆ. ಹೆಣ್ಣು ನೋಡುವಾಗಲೂ ಇಷ್ಟು ಹೊತ್ತು ಯಾರೂ ನೋಡುವುದಿಲ್ಲವೆಂದು ಚಾಚಾ ನಕ್ಕರು. ಅವರಿಗೆ ಏನೂ ಗೊತ್ತಿರಲಿಲ್ಲ, ನನ್ನ ಕಿವಿ ಮಾತ್ರ ಬಿಸಿಯಾದವು. ಕೊಯ್ಯುವುದಕ್ಕೆ ಬೇಕಾದ ಎಲ್ಲ ಪರೀಕ್ಷೆಯನ್ನೂ ಮಾಡಿದೆ. ನಾನು ಕೊಂಡದ್ದು ಹೊರುವುದಕ್ಕೆ. ಅಲಗಿನ ಬೆನ್ನು ಒತ್ತಿ ನೋಡಬೇಕೆಂದು ಹೊಳೆಯಲೇ ಇಲ್ಲ.

ಹೊಳೆದದ್ದು ಅರಿಶಿಣದ ದಿನ ಮಧ್ಯಾಹ್ನ. ಅವ್ವ ದೊಡ್ಡದೊಂದು ಲಿಂಬೆಹಣ್ಣು ಆರಿಸಿ ತುದಿಗೆ ಚುಚ್ಚಿದ್ದಳು. ನಾನು ಪಾಯಸ ಉಣ್ಣುತ್ತ ಎಡಗೈಯಲ್ಲಿ ಹಿಡಿದಿದ್ದ ಚಾಕುವನ್ನು ಸ್ವಲ್ಪ ವಾಲಿಸಿದೆ. ಹಣ್ಣಿನ ಭಾರಕ್ಕೆ ಅಲಗು ಮೆಲ್ಲಗೆ ಬಾಗಿ ನನ್ನ ತೋರುಬೆರಳನ್ನು ಕಚ್ಚಿತು. ಹರಿತದ ಪರೀಕ್ಷೆ ಅಷ್ಟು ಚೆನ್ನಾಗಿ ಮಾಡಿದ್ದೆನಲ್ಲ, ಆಳವಾಗಿಯೇ ಕೊಯ್ಯಿತು. ಮದುಮಗನ ಮೈಯಿಂದ ರಕ್ತ ಬಂದರೆ ಅದೂ ಕೇಡು ತಾನೆ? ಮೈಗೆ ಹಚ್ಚಿದ್ದ ಅರಿಶಿಣವನ್ನೇ ಕೆರೆದು ಗಾಯಕ್ಕೆ ಮೆತ್ತಿಕೊಂಡು, ಹಿಡಿಗೆ ಒಂದು ಕರವಸ್ತ್ರ ಸುತ್ತಿದೆ. ಕರವಸ್ತ್ರ ಯಾಕೆ ಎಂದು ಅವ್ವ ಕೇಳಿದಾಗ ಬೆವರು ಎಂದೆ. ಅದು ಸುಳ್ಳೂ ಅಲ್ಲ.

ಆ ಮೇಲಿನ ಎರಡು ದಿನ ಹೇಗೆ ಕಳೆದವೋ ನನಗೇ ಗೊತ್ತು. ಚುಚ್ಚಿದ ಲಿಂಬೆಹಣ್ಣು ತಣ್ಣಗೆ ರಸ ಬಿಡುತ್ತದೆ. ಆ ರಸ ಅಲಗಿನ ಮೇಲಿಂದ ಇಳಿದು, ಮೀನಿನ ಬಾಯಿ ದಾಟಿ, ನೇರ ಬಂದು ಗಾಯಕ್ಕೇ ಸೇರುತ್ತಿತ್ತು. ಅರ್ಧ ತಾಸಿಗೊಮ್ಮೆ ನನ್ನ ಕಣ್ಣಲ್ಲಿ ನೀರು. ಮನೆ ತುಂಬ ಬಂದ ಬಳಗದವರು ಮದುಮಗ ತೀರಿಹೋದ ಅಪ್ಪನನ್ನು ನೆನೆಸಿ ಅಳುತ್ತಿದ್ದಾನೆಂದು ಮರುಗಿದರು. ಅಲಗು ಬಾಗದ ಹಾಗೆ ಹಿಡಿಯ ಸಂದಿನಲ್ಲಿ ಬೆಂಕಿಕಡ್ಡಿಯ ತುಂಡು ತುರುಕಿದೆ. ಕಡ್ಡಿ ರಸಕ್ಕೆ ನೆನೆದು ಮೆತ್ತಗಾಗುತ್ತಿತ್ತು, ಬದಲಿಸುತ್ತಿದ್ದೆ. ಮದುಮಗ ಗಳಿಗೆಗೊಮ್ಮೆ ಬೆಂಕಿಪೆಟ್ಟಿಗೆ ಕೇಳುವುದನ್ನು ನೋಡಿ ಮಾಮಾನಿಗೆ ಬೇರೆಯೇ ಸಂಶಯ ಬಂತು. ಪಕ್ಕಕ್ಕೆ ಕರೆದು, ಮದುವೆಯಾಗುವ ತನಕವಾದರೂ ಬೀಡಿ ಬಿಡು ಎಂದು ಬುದ್ಧಿ ಹೇಳಿದ. ಬೀಡಿ ಸೇದದವನು ಬಿಡುತ್ತೇನೆಂದು ಮಾತು ಕೊಟ್ಟೆ.

ಮಾಮಾನಿಗೆ ನಿಜ ಹೇಳಬಹುದಿತ್ತು. ಇನ್ನೊಂದು ಚಾಕು ತರಿಸಬಹುದಿತ್ತು. ಆದರೆ ಹಣ್ಣು ಒಮ್ಮೆ ಚುಚ್ಚಿದ ಕಬ್ಬಿಣವನ್ನು ಬದಲಿಸಬಾರದೆಂದು ಅವ್ವ ಹೇಳಿದ್ದಳು. ಹೇಳಿದರೆ ಅವಳು ಎದೆ ಒಡೆದುಕೊಳ್ಳುತ್ತಿದ್ದಳು. ಅಂಜುವವರು ಸುಳ್ಳು ಹೇಳುವುದು ಇನ್ನೊಬ್ಬರನ್ನು ಮೋಸ ಮಾಡಲು ಅಲ್ಲ, ಆ ಗಳಿಗೆ ಒಂದು ದಾಟಿದರೆ ಸಾಕು ಎಂದು.

ಮದುವೆಯ ದಿನ ಬೆಳಿಗ್ಗೆ ಕಲ್ಯಾಣದ ಬಸ್ಸು ಹತ್ತಿದೆವು. ಅರ್ಧ ಬಸ್ಸು ನಮ್ಮ ದಿಬ್ಬಣ, ಅರ್ಧ ಬೇರೆಯವರು. ಆಗಿನ ರಸ್ತೆ ನಿಮಗೆ ಗೊತ್ತೇ ಇದೆ. ಪ್ರತಿಯೊಂದು ತಗ್ಗಿಗೂ ಲಿಂಬೆಹಣ್ಣು ತಲೆ ಅಲ್ಲಾಡಿಸುತ್ತಿತ್ತು. ಪಕ್ಕದಲ್ಲಿ ಕುಳಿತ ಮುದುಕಪ್ಪ ಚಾಕು ತನ್ನ ಕಡೆ ವಾಲಿದಾಗಲೆಲ್ಲ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುತ್ತಿದ್ದ, ಕೊನೆಗೆ ಎದ್ದು ನಿಂತೇ ಪ್ರಯಾಣ ಮಾಡಿದ. ನಾನು ಎರಡೂ ಕೈಯಿಂದ ಚಾಕು ನೆಟ್ಟಗೆ ಹಿಡಿದು, ಬೆರಳಿನಿಂದ ಅಲಗಿನ ಬುಡ ಒತ್ತಿಕೊಂಡು, ಹಣ್ಣಿನ ಮೇಲೆಯೇ ಕಣ್ಣಿಟ್ಟು ಕುಳಿತಿದ್ದೆ. ಊರು ಬಂದದ್ದು ಬಾಜಾ ಕೇಳಿದಾಗಲೇ ಗೊತ್ತಾದದ್ದು.

ಎದುರುಗೊಳ್ಳಲು ಮಾಣಿಕಪ್ಪನವರೇ ನಿಂತಿದ್ದರು. ಎತ್ತರದ ಆಳು, ತಲೆಗೆ ಬಿಳಿ ಪಟಗಾ. ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಇದೇನ್ರಿ ಬೀಗರೇ, ಮಡಚೋ ಚಾಕು?" ಎಂದು ಮಾಮಾನನ್ನು ಕೇಳಿದರು.

ಮಾಮಾ ಒಂದು ಕ್ಷಣವೂ ತಡವರಿಸಲಿಲ್ಲ. "ಈಗ ನಾವು ಮೈಸೂರು ರಾಜ್ಯದಾಗ ಬಂದೇವಲ್ರಿ. ಆ ಕಡಿ ಎಲ್ಲಾ ಹಿಂಗೇ ಹಿಡೀತಾರ" ಎಂದ. ಮಾಮಾ ಮೈಸೂರು ಕಂಡವನಲ್ಲ, ಕಲಬುರ್ಗಿ ದಾಟಿದವನಲ್ಲ. ಮಾಣಿಕಪ್ಪನವರೂ ಕಂಡಿರಲಿಲ್ಲ. ಇದ್ದರೂ ಇರಬಹುದೆಂದು ಸುಮ್ಮನಾದರು. ಆದರೆ ಅವರ ಕಣ್ಣು ಮಾತ್ರ ಚಾಕು ಬಿಟ್ಟು ಕದಲಲಿಲ್ಲ.

ಮುಹೂರ್ತ ಸರಿಯಾಗಿ ಮಧ್ಯಾಹ್ನಕ್ಕೆ. ಹಂದರದಲ್ಲಿ ಕಾಲಿಡಲು ಜಾಗವಿಲ್ಲ. ಹಣೆಗೆ ಕಟ್ಟಿದ ಬಾಸಿಂಗ ಕಣ್ಣಿನ ಮೇಲೆ ಇಳಿದಿತ್ತು. ನನ್ನ ಮುಂದೆ ಅಂತರಪಟ ಹಿಡಿದರು. ಒಂದು ತುದಿ ಮಾಮಾನ ಕೈಯಲ್ಲಿ, ಇನ್ನೊಂದು ತುದಿ ಹೆಣ್ಣಿನ ಕಡೆಯ ಹಿರಿಯರೊಬ್ಬರ ಕೈಯಲ್ಲಿ. ಆ ಬಟ್ಟೆಯ ಆಚೆಗೆ ಅವಳು. ಬಟ್ಟೆ ನೆಲದಿಂದ ಗೇಣು ಮೇಲಿತ್ತು. ಜೋಷಿಯವರು ಕಣ್ಣು ಮುಚ್ಚಿ ಮಂಗಳಾಷ್ಟಕ ಎತ್ತಿದರು. ಒಂದೊಂದು ಶ್ಲೋಕ ಮುಗಿದಾಗಲೂ ನಾಲ್ಕೂ ಕಡೆಯಿಂದ ಅಕ್ಕಿಕಾಳು. ಇನ್ನು ಮೂರು, ಇನ್ನು ಎರಡು ಎಂದು ನಾನು ಎಣಿಸುತ್ತಿದ್ದೆ. ಕೊನೆಯದರ ಹೊತ್ತಿಗೆ ಹಿಂದಿನಿಂದ ಯಾರೋ ಪುಣ್ಯಾತ್ಮರು ಮುಷ್ಟಿ ತುಂಬ ಅಕ್ಕಿಯನ್ನು ಜೋರಾಗಿ ಬೀಸಿದರು. ಅದು ಬಂದು ನನ್ನ ಕೈಗೇ ಬಡಿಯಿತು. ನೆನೆದ ಬೆಂಕಿಕಡ್ಡಿ ಮುರಿಯಿತು. ಅಲಗು ಮಡಚಿಕೊಂಡು ಕರವಸ್ತ್ರದೊಳಗೆ ಹೋಯಿತು. ಹಣ್ಣು ಕಳಚಿ ಬಿದ್ದು, ಅಕ್ಕಿಯ ಮೇಲೆ ಉರುಳಿ, ಅಂತರಪಟದ ಕೆಳಗಿನಿಂದ ಆ ಕಡೆಗೆ ಹೋಯಿತು.

ಬಾಜಾ ಬಾರಿಸುತ್ತಿತ್ತು. ಎಲ್ಲರ ಕಣ್ಣೂ ನಮ್ಮ ತಲೆಗಳ ಮೇಲೆ. ಬಿದ್ದದ್ದನ್ನು ಯಾರೂ ನೋಡಲಿಲ್ಲವೇನೋ ಎನ್ನಿಸಿತು, ಆದರೆ ಬಟ್ಟೆ ಇಳಿದ ಕೂಡಲೇ ನೋಡುತ್ತಾರೆ. ಮಾಣಿಕಪ್ಪನವರು ಏಳುವುದು, ಬಾಜಾ ನಿಲ್ಲುವುದು, ಅವ್ವ ಕುಸಿದು ಕೂಡುವುದು, ಬಸ್ಸಿನಲ್ಲಿ ನಾವೆಲ್ಲ ತಲೆ ಕೆಳಗೆ ಹಾಕಿ ತಿರುಗಿ ಬರುವುದು ಎಲ್ಲವೂ ನನಗೆ ಆಗಲೇ ಕಂಡವು. ಓಡಿಹೋಗಬೇಕೆಂದರೆ ನಾಲ್ಕೂ ಕಡೆ ಜನ ಒತ್ತಿ ನಿಂತಿದ್ದರು.

ಅಂತರಪಟ ಇಳಿಯಿತು. ನಾನು ನೆಲ ನೋಡಿದೆ. ಅಕ್ಕಿಯ ಹೊರತು ಏನೂ ಇರಲಿಲ್ಲ. ಲಿಂಬೆಹಣ್ಣು ಎಲ್ಲಿಯೂ ಇಲ್ಲ. ಎದುರಿಗೆ ಅವಳು, ಹಸಿರು ಸೀರೆಯ ನಿರಿಗೆ ನೆಲಕ್ಕೆ ತಾಗಿದ್ದವು, ಮೇಲ್ದುಟಿಯ ಮೇಲೆ ಬೆವರು. ಮಾಲೆ ಹಾಕಲು ಒಂದು ಹೆಜ್ಜೆ ಮುಂದೆ ಬಾ ಎಂದು ಹೆಂಗಸರು ಅವಳಿಗೆ ಹೇಳಿದರು. ಅವಳು ಕದಲಲಿಲ್ಲ. ಮತ್ತೆ ಹೇಳಿದರು, ಒಬ್ಬರು ಬೆನ್ನಿಗೆ ಕೈಯಿಟ್ಟು ನೂಕಿದರು. ಅವಳು ನೆಟ್ಟ ಕಂಬವಾಗಿದ್ದಳು. ಕೊನೆಗೆ ನಾನೇ ಮುಂದೆ ಹೋಗಿ ಬಗ್ಗಿ ಮಾಲೆ ಹಾಕಿಸಿಕೊಂಡೆ. ಗಂಡ ಈಗಲೇ ಬಗ್ಗಿದ ಎಂದು ಹಂದರವೆಲ್ಲ ನಕ್ಕಿತು. ಆಗ ಹತ್ತಿರದಿಂದ ನೋಡಿದೆ. ಸೀರೆಯ ಅಂಚಿನಡಿ ಅವಳ ಬಲಗಾಲು ಎಡಗಾಲಿಗಿಂತ ಸ್ವಲ್ಪ ಎತ್ತರವಿತ್ತು.

ಮಾಣಿಕಪ್ಪನವರು ತಾಟು ಹಿಡಿದು ಬಂದರು. ನಾನು ಕರವಸ್ತ್ರ ಬಿಚ್ಚಿದೆ. ಮೀನು ಬಾಯಿ ಮುಚ್ಚಿಕೊಂಡು ಮಲಗಿತ್ತು. "ಲಿಂಬಿಹಣ್ಣು ಎಲ್ಲಿ?" ಎಂದರು. ಹತ್ತಿರ ನಿಂತವರ ನಗು ನಿಂತಿತು. ಆಗ ಮಹಾನಂದಾ ಬಾಗಿ, ಕಾಲು ಸರಿಸಿ, ಹಣ್ಣು ಎತ್ತಿ ತಾಟಿನಲ್ಲಿಟ್ಟಳು. "ಇಲ್ಲೇ ಅದ ಅಪ್ಪಾ. ಅವರೇ ನನಗ ಕೊಟ್ರು" ಎಂದಳು.

ಅಂತರಪಟ ಇಳಿಯುವ ಮೊದಲೇ ಅದರ ಕೆಳಗಿನಿಂದ ಮದುಮಗ ಮದುಮಗಳಿಗೆ ಹಣ್ಣು ಕೊಡುವುದೆಂದರೆ! ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಹುಟ್ಟಿದಂದಿನಿಂದ ಪುಕ್ಕಲನೆಂದು ಹೆಸರಾದವನು ಆ ಗಳಿಗೆಯಿಂದ ಕಲ್ಯಾಣದಲ್ಲಿ ಭಾರಿ ರಸಿಕ ಮಾಸ್ತರನೆಂದು ಹೆಸರಾದೆ. ಜೋಷಿಯವರು ಕೈಯಿಂದ ಕೈಗೆ ಹೋದದ್ದು ಬಿದ್ದ ಹಾಗಲ್ಲ, ನಡೆಯುತ್ತದೆ ಎಂದರು. ಅವರಿಗೆ ಊಟದ ಹೊತ್ತಾಗಿತ್ತು. ಮಾಣಿಕಪ್ಪನವರು ಹಣ್ಣನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಹಿಮ್ಮಡಿ ಊರಿದ ಕಡೆ ಅದು ಚಪ್ಪಟೆಯಾಗಿ ಸಿಪ್ಪೆ ಒಡೆದಿತ್ತು. ಮಗಳ ಮುಖ ನೋಡಿದರು. ಆಮೇಲೆ ಆ ಚಪ್ಪಟೆ ಬದಿಯನ್ನು ಕೆಳಗೆ ಮಾಡಿ ತಾಟಿನಲ್ಲಿಟ್ಟು, ಊಟಕ್ಕೆ ಎಲೆ ಹಾಕಲು ಹೇಳಿದರು.

ಈ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವ ರೀತಿ ಮಾತ್ರ ಒಂದೇ. ಚಹಾದ ಬಟ್ಟಲು ಇಟ್ಟ ದಿನವೇ ಈಕೆಗೆ ನನ್ನ ಮೇಲೆ ಮನಸ್ಸಾಗಿತ್ತು, ಇಲ್ಲದಿದ್ದರೆ ತುಂಬಿದ ಹಂದರದಲ್ಲಿ ಅಪ್ಪನಿಗೇ ಸುಳ್ಳು ಹೇಳುವ ಧೈರ್ಯ ಎಲ್ಲಿಂದ ಬರಬೇಕು ಎಂದು ಮುಗಿಸುತ್ತಿದ್ದೆ. ಮಹಾನಂದಾ ಅಲ್ಲೇ ಇದ್ದರೆ ನಕ್ಕು ಒಳಗೆ ಹೋಗುತ್ತಿದ್ದಳು. ಮೊನ್ನೆ ರವಿವಾರ ಡ್ರಾಯಿಂಗ್ ಮಾಸ್ತರರಿಗೂ ಹಾಗೆಯೇ ಮುಗಿಸಿದೆ. ಆಕೆ ಚಹಾ ಕೊಡಲು ಬಂದವಳು ಈ ಸಲ ಒಳಗೆ ಹೋಗಲಿಲ್ಲ.

"ನಿಮ್ಮ ಮುಖ ನಾ ಅವತ್ತಿನ ತನಕ ನೋಡೇ ಇದ್ದಿಲ್ರಿ" ಎಂದಳು. "ಆ ಕಡಿ ಯಾರ ನಿಂತಿದ್ರೂ ನಾ ಕಾಲು ಇಡತಿದ್ದೆ."

ಮಾಸ್ತರರು ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು. ನಾನೇ ಏನೋ ಚೇಷ್ಟೆಯ ಮಾತು ಆಡ ಹೋದೆ. ಆಕೆ ಕೈ ಅಡ್ಡ ಮಾಡಿದಳು. "ಮೊದಲ ಸಲ ತಾಟು ಬಿದ್ದಾಗ ನಾ ಒಳಗ ಕುಂತಿದ್ದೆ. ಸಪ್ಪಳ ಅಷ್ಟೇ ಕೇಳಿಸ್ತು. ಹೊರಗ ಬರೂತ್ಲೆ ಎಲ್ಲಾ ಮುಗದಿತ್ತು. ಆಮ್ಯಾಲ ಯಾರ ಮನಿ ಮದುವಿಗೂ ನನ್ನ ಕರೀಲಿಲ್ಲ, ಕರದ್ರೂ ಮುಂದ ನಿಂದರಿಸಲಿಲ್ಲ. ಇದು ನನ್ನ ಕಾಲ ತನಕ ತಾನಾಗೇ ಬಂತು. ಬಿಡತೀನೇನು?"

ಮಾಸ್ತರರು ಚಹಾ ಮುಗಿಸಿ ಬೇಗನೆ ಎದ್ದರು. ನಾನು ಕುಳಿತೇ ಇದ್ದೆ. ಮಂಗಳಾಷ್ಟಕ ಎಣಿಸುತ್ತ ನಡುಗಿದವನು ಅಂದು ಆ ಹಂದರದಲ್ಲಿ ನಾನೊಬ್ಬನೇ ಎಂದು ಇಪ್ಪತ್ತೈದು ವರ್ಷ ನಂಬಿದ್ದೆ. ಮದುವೆ ಮುರಿದರೆ ನಾನು ಊಟವಿಲ್ಲದೆ ಹುಮನಾಬಾದಿಗೆ ಬರುತ್ತಿದ್ದೆ, ವರುಷದೊಳಗೆ ನಾಲ್ಕನೆಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಅವಳು ಎಲ್ಲಿಗೆ ಹೋಗುತ್ತಿದ್ದಳೆಂದು ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಆಕೆ ಜೋಳದ ಹಿಟ್ಟು ನಾದುತ್ತಿದ್ದಳು. "ಅವತ್ತು ನೀ ಭಾಳ ಅಂಜಿದ್ಯೇನು?" ಎಂದು ಕೇಳಿದೆ.

ನಾದುವ ಕೈ ನಿಂತಿತು. ಆಕೆ ನನ್ನನ್ನು ನೋಡಿದಳು, ಹಿಟ್ಟಿನ ಕೈಯಿಂದಲೇ ಮಣೆಯನ್ನು ನನ್ನ ಕಡೆ ಸರಿಸಿದಳು.

"ಕುಂದರ್ರಿ, ಹೇಳತೀನಿ" ಎಂದಳು.